ಬಟವಡೆಯ ದಿನದ ಭಜಿ

ಬೋರಗಾಂವ, ಸದಲಗಾ, ಚಿಕ್ಕೋಡಿ, ರಾಯಬಾಗ, ಅಥಣಿ, ಈ ಸೀಮೆಯ ಯಾವ ಊರಿನ ಬಸ್ ನಿಲ್ದಾಣದ ಸುತ್ತ ನೋಡಿದರೂ ಹೊತ್ತು ಮುಳುಗುವಾಗ ಕೈಗಾಡಿಗಳ ಒಲೆ ಹೊತ್ತುತ್ತದೆ. ವಡಾಪಾವ್, ಮಿಸಳ್, ಮಿರ್ಚಿ ಭಜಿ, ಗೋಬಿ ಮಂಚೂರಿ, ಎಗ್ ರೈಸ್. ಇದನ್ನು ಕಂಡ ಹಿರಿಯರ ಮಾತು ಬಹುಮಟ್ಟಿಗೆ ಒಂದೇ: ನಮ್ಮ ಕಾಲಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಝುಣಕ, ಶೇಂಗಾ ಹಿಂಡಿ, ಈ ಹಾಳು ಚಟ ಮುಂಬೈ, ಕೊಲ್ಹಾಪುರದ ಕಡೆಯಿಂದ ಬಂದದ್ದು. ಮಾತಿನಲ್ಲಿ ಅರ್ಧ ನಿಜವಿದೆ. ಪಾವು ಮುಂಬೈ ಕಡೆಯದೇ, ಮಂಚೂರಿಯೂ ಅಲ್ಲಿಯದೇ. ಆದರೆ ಅಂಗಡಿಯವನ ಮುಂದೆ ನಿಂತು, ಕಾಸು ಕೊಟ್ಟು, ಬಿಸಿಬಿಸಿಯಾಗಿ ತಿಂದು, ಧೋತರದ ಅಂಚಿಗೆ ಕೈ ಒರೆಸಿಕೊಂಡು ಹೋಗುವ ಸುಖ ಈ ನೆಲಕ್ಕೆ ಸಂತೆಯಷ್ಟೇ ಹಳೆಯದಿರಬೇಕು. ಈಚಿನ ಎರಡು ಮೂರು ತಲೆಮಾರುಗಳಲ್ಲಿ ಬದಲಾದದ್ದು ತಿಂಡಿಗಿಂತ ಹೆಚ್ಚಾಗಿ ತಿಂಡಿಗೂ ತಿಂಡಿಗೂ ನಡುವೆ ಇದ್ದ ಬಿಡುವು. ವಾರದ ಸಂತೆ, ಬಟವಡೆ, ಜಾತ್ರೆ, ವ್ರತ ಇವು ಕಟ್ಟಿಕೊಟ್ಟಿದ್ದ ಆ ಬಿಡುವೇ ಇಂಥ ತಿಂಡಿಯ ಸೆಳೆತದ ದೊಡ್ಡ ಪಾಲು ಎಂಬುದು ಈ ಬರಹದ ವಾದ.

ಮೊದಲು ಹಳಬತನದ ಲೆಕ್ಕ ನೋಡೋಣ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಭಾಗವಿದೆ. ವಡೆ, ದೋಸೆ, ಇಡ್ಲಿಗಳ ಹಿರೀಕರೂ ಈಗಲೂ ಬೆಳಗಾವಿಯವರು ಅಭಿಮಾನಪಡುವ ಮಂಡಿಗೆಯ ಹಿರೀಕನೂ ಅಲ್ಲಿ ಸಿಗುತ್ತಾರೆ. ಕಡಲೆ ಹಿಟ್ಟನ್ನು ಇಂಗು, ಉಪ್ಪು ಹಾಕಿ ಕಲಸಿ ಕರಿಯುವ ಬಗೆಯೂ ಇದೆ. ಅದಕ್ಕೂ ಒಂದು ಶತಮಾನ ಹಿಂದಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಮೀಸಲು. ಇವೆಲ್ಲ ಅರಮನೆಯ, ಪಂಡಿತರ ಪುಸ್ತಕಗಳು. ಒಕ್ಕಲಿಗನ ತಟ್ಟೆಯಲ್ಲಿ ಏನಿತ್ತೆಂದು ಇವುಗಳಿಂದ ತಿಳಿಯದು. ಅದಕ್ಕೆ ಬೇರೆ ಬಗೆಯ ದಾಖಲೆ ಬೇಕು. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಬಂದ ಮುಂಬೈ ಪ್ರಾಂತದ ಗ್ಯಾಝೆಟಿಯರಿನ ಬೆಳಗಾವಿ ಸಂಪುಟ ಒಂದೊಂದು ಸಮುದಾಯವನ್ನೂ ಎತ್ತಿಕೊಂಡು ಅದರ ನಿತ್ಯದ ಊಟ ಯಾವುದು, ಹಬ್ಬದ ಊಟ ಯಾವುದು ಎಂದು ಬೇರೆಬೇರೆಯಾಗಿ ಬರೆಯುತ್ತದೆ. ಇವರು ಒಳ್ಳೆಯ ಅಡುಗೆಯವರು, ಅವರು ಅಲ್ಲ ಎಂಬ ತೀರ್ಪನ್ನೂ ಸಾಹೇಬರ ಠೀವಿಯಲ್ಲಿ ಕೊಡುತ್ತ ಹೋಗುತ್ತದೆ. ಯಾರ ಮನೆಯ ಸಾರು ಕುಡಿದು ಈ ತೀರ್ಪು ಕೊಟ್ಟರೋ! ತೀರ್ಪನ್ನು ಬದಿಗಿಟ್ಟರೂ ಆ ವಿಂಗಡಣೆ ನಮಗೆ ಮುಖ್ಯ. ರೊಟ್ಟಿ, ಬೇಳೆ, ಕಾಯಿಪಲ್ಲೆ ಒಂದು ಕಡೆ, ಸಿಹಿ ಮತ್ತು ಕರಿದದ್ದು ಇನ್ನೊಂದು ಕಡೆ. ಆ ಕಾಲದವರಿಗೆ ಎರಡು ಬಗೆಯ ತಿನಿಸು ಗೊತ್ತಿತ್ತು, ಎರಡಕ್ಕೂ ಬೇರೆ ದಿನಗಳಿದ್ದವು.

ಆ ಗೆರೆಯನ್ನು ಎಳೆದದ್ದು ಮುಖ್ಯವಾಗಿ ಎಣ್ಣೆ. ಜೋಳದ ಹೊಲದಲ್ಲಿ ಅಕ್ಕಡಿಯಾಗಿ ಬಿತ್ತಿದ ಕುಸುಬಿ, ಒಂದಿಷ್ಟು ಎಳ್ಳು, ಗುರೆಳ್ಳು, ಆಮೇಲಾಮೇಲೆ ಶೇಂಗಾ. ಇವನ್ನು ಗಾಣಿಗನ ಹತ್ತಿರ ಒಯ್ದು ಹಾಕಿಸಿದರೆ ಬರುವ ಎಣ್ಣೆ ಒಗ್ಗರಣೆಗೂ ಅದೇ, ತಲೆಗೂ ಅದೇ, ಸೀಮೆಎಣ್ಣೆ ಬರುವವರೆಗೆ ದೀಪಕ್ಕೂ ಅದೇ. ಕನ್ನಡ ನಾಡಿನ ಶಾಸನಗಳಲ್ಲಿ ಗಾಣದ ಎಣ್ಣೆಯನ್ನು ದೇವರ ನಂದಾದೀಪಕ್ಕೆಂದು ದತ್ತಿ ಬಿಟ್ಟ ಉಲ್ಲೇಖಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಸೌಟು ಎಣ್ಣೆಯೂ ದಾನದ ವಸ್ತುವಾಗಿದ್ದ ಸಮಾಜದಲ್ಲಿ ಕಡಾಯಿ ತುಂಬ ಎಣ್ಣೆ ಕಾಯಿಸುವುದು ಸಣ್ಣ ಮಾತಲ್ಲ. ಹಾಗಾಗಿ ಮನೆಯಲ್ಲಿ ಕರಿಯುವುದು ಹಬ್ಬಕ್ಕೆ, ಸೀಮಂತಕ್ಕೆ, ಬೀಗರು ಬಂದಾಗ. ಸೂತಕದ ಮನೆಯಲ್ಲಿ ಕಡಾಯಿ ಒಲೆ ಏರುತ್ತಿರಲಿಲ್ಲ. ಎಣ್ಣೆಯ ವಾಸನೆಯೇ ಮನೆಯಲ್ಲಿ ಏನೋ ಶುಭವಿದೆ ಎಂದು ಓಣಿಗೆ ಹೇಳುತ್ತಿತ್ತು. ಸಂತೆಯ ಭಜಿಯವನು ಮಾರುತ್ತಿದ್ದುದು ಈ ಶುಭವನ್ನೇ, ಬಿಡಿಬಿಡಿಯಾಗಿ, ಒಂದೊಂದು ಆಣೆಯ ಲೆಕ್ಕದಲ್ಲಿ. ಒಂದು ಮನೆ ಕಡಾಯಿ ತುಂಬ ಎಣ್ಣೆ ಹಾಕಲಾರದು. ನೂರು ಜನ ಗಿರಾಕಿ ಸೇರಿದರೆ ಒಬ್ಬ ಹಾಕಬಲ್ಲ.

ಭಜಿಯ ಗುಣವೂ ಇದಕ್ಕೆ ಕೂಡಿಬಂತು. ಕಡಲೆ ಹಿಟ್ಟಿಗೆ ಅಜವಾನ, ಉಪ್ಪು, ಚಿಟಿಕೆ ಸೋಡಾ ಹಾಕಿ, ಬೆರಳಿಗೆ ಹತ್ತಿ ನಿಧಾನಕ್ಕೆ ಜಾರುವಷ್ಟು ಗಟ್ಟಿಯಾಗಿ ಕಲಸುತ್ತಾರೆ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಒಂದು ಹನಿ ಹಿಟ್ಟು ಬಿಟ್ಟು ನೋಡುತ್ತಾರೆ. ಅದು ತಳ ಮುಟ್ಟಿ ಥಟ್ಟನೆ ಮೇಲೆ ಬಂದರೆ ಹದ. ಸೀಳಿದ ಮೆಣಸಿನಕಾಯಿ ಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಇಳಿದಾಗ ಸುತ್ತ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವ ಗುರುತು. ಆವಿ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೆಚ್ಚು ಇಳಿಯುವುದಿಲ್ಲ. ಗುಳ್ಳೆ ಸಣ್ಣದಾಗಿ ಸದ್ದು ಇಳಿದಾಗ ಜಾಲರಿ ಸೌಟಿನಲ್ಲಿ ಎತ್ತುತ್ತಾರೆ. ಎತ್ತಿದ ಮೇಲೆ ಅದು ಆರುತ್ತ ಹೋದಂತೆ ಮೈಮೇಲಿನ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಒಳಗಿನ ಪಸೆ ಹೊರಪದರಕ್ಕೆ ಬಂದು ಗರಿಮುರಿ ಹೋಗುತ್ತದೆ. ಅಂದರೆ ಭಜಿಯ ಆಯುಷ್ಯ ಕೆಲವೇ ನಿಮಿಷ. ಹೋಳಿಗೆಯನ್ನು ಎರಡು ದಿನ ಇಟ್ಟು ತಿನ್ನಬಹುದು, ಕಟಕ ರೊಟ್ಟಿಯನ್ನು ತಿಂಗಳುಗಟ್ಟಲೆ ಇಡಬಹುದು. ಭಜಿಯನ್ನು ಕಡಾಯಿಯ ಎದುರೇ ತಿನ್ನಬೇಕು. ಅದಕ್ಕಾಗಿ ಸಂತೆಗೇ ಹೋಗಬೇಕು, ಸಂತೆ ಇರುವ ದಿನವೇ ಹೋಗಬೇಕು. ಕಾಯಬೇಕಾದ ತಿಂಡಿ ಎಂಬ ಹೆಸರು ಅದಕ್ಕೆ ಹೀಗೆ ತಾನಾಗಿಯೇ ಬಂತು.

ಸಂತೆಯ ತಿಂಡಿಗಳಲ್ಲೇ ಇನ್ನೊಂದು ಜಾತಿ ಇದೆ, ಗಂಟು ಕಟ್ಟಿ ಒಯ್ಯುವಂಥದ್ದು: ಚುರಮುರಿ, ಫುಟಾಣಿ, ಶೇವು, ಬೆಂಡು ಬತ್ತಾಸು, ಜಿಲೇಬಿ. ಜಯಸಿಂಗಪುರ, ಸಾಂಗ್ಲಿ ಕಡೆಯ ಖಾರದ ಭಡಂಗ ಈ ಚುರಮುರಿಯ ಅಣ್ಣತಮ್ಮ. ಈ ವಿಂಗಡಣೆಯ ಹಿಂದೆ ಗಂಡು ಹೆಣ್ಣಿನ ಲೆಕ್ಕವೂ ಇತ್ತು ಎಂಬುದನ್ನು ಮರೆಯಬಾರದು. ಹೊಟೇಲಿನ ಬಾಕಿನ ಮೇಲೆ ಕೂತು ಭಜಿ ತಿಂದು ಚಹಾ ಕುಡಿಯುತ್ತಿದ್ದವರು ಗಂಡಸರು. ಮನೆಯ ಹೆಂಗಸರಿಗೆ, ಮಕ್ಕಳಿಗೆ ಸಿಗುತ್ತಿದ್ದುದು ಹಳೆಯ ಪೇಪರಿನಲ್ಲಿ ಕಟ್ಟಿ ತಂದ ಪೊಟ್ಟಣ. ಭಜಿ ಆ ಪೊಟ್ಟಣದಲ್ಲಿ ಬಂದರೂ ಮೆತ್ತಗಾಗಿಯೇ ಬರುತ್ತಿತ್ತು. ಹೊಟೇಲುಗಳು ಪರದೆ ಕಟ್ಟಿ ‘ಫ್ಯಾಮಿಲಿ ರೂಮ್’ ಎಂದು ಬರೆಸಿದ್ದು ಬಹಳ ತಡವಾಗಿ. ಹಳೆಯ ದಿನಗಳ ಸಂತೆಯ ರುಚಿಯನ್ನು ಹೊಗಳುವವರು ಹೆಚ್ಚಾಗಿ ಗಂಡಸರೇ ಆಗಿರುವುದು ಆಕಸ್ಮಿಕವಲ್ಲ.

ಎಣ್ಣೆಯ ಜತೆಗೆ ಕಾಸಿನ ಮಾತೂ ಬರುತ್ತದೆ. ಆಯಕ್ಕೆ ದುಡಿದು ಸುಗ್ಗಿಯಲ್ಲಿ ಕಾಳು ಪಡೆಯುವವನ ಕೈಯಲ್ಲಿ ಬಿಡಿ ಕಾಸು ಆಡುವುದಿಲ್ಲ. ಈ ಸೀಮೆಗೆ ಬಿಡಿ ಕಾಸು ತಂದದ್ದು ನಾಲ್ಕು ಸಂಗತಿಗಳು. ಒಂದು ನಿಪ್ಪಾಣಿಯ ತಂಬಾಕು ಮತ್ತು ಅದರ ಬೆನ್ನಿಗೆ ಬೀಡಿ. ವಖಾರಗಳಲ್ಲಿ ತಂಬಾಕು ಹಸನು ಮಾಡುವ ಹೆಂಗಸರು, ಮನೆಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುವ ಹೆಂಗಸರು ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ ದುಡಿದರು. ಎರಡನೆಯದು ರೈಲು. ಪುಣೆ, ಮೀರಜ, ಬೆಳಗಾವಿ ಮಾರ್ಗ 1880ರ ದಶಕದಲ್ಲಿ ಬಂದು ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳಿಗೆ ನಿಲ್ದಾಣ ಕೊಟ್ಟಿತು. 1891ರಲ್ಲಿ ಮೀರಜದಿಂದ ಕೊಲ್ಹಾಪುರಕ್ಕೂ ಹಳಿ ಬಿತ್ತು. ಮೂರನೆಯದು ಮಗ್ಗ. 1904ರಲ್ಲಿ ವಿಠ್ಠಲರಾವ್ ದಾತಾರ ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ತಂದರು. ಆ ಉದ್ಯಮ ಬೆಳೆದು ಗಡಿಯ ಈಚೆಗೂ ಹಬ್ಬಿ, ಬೋರಗಾಂವ, ಮಾಣಕಾಪುರಗಳಲ್ಲೂ ಮಗ್ಗದ ಸದ್ದು ಕೇಳುವಂತಾಯಿತು. ನಾಲ್ಕನೆಯದು ಕಬ್ಬು, 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಶುರುವಾಗಿ ಇಂದು ಕೃಷ್ಣಾ, ದೂಧಗಂಗಾ ದಂಡೆಯ ಉದ್ದಕ್ಕೂ ಇರುವ ಸಾಲು. ಸಕ್ಕರೆ ಅಗ್ಗವಾದದ್ದಕ್ಕೇ ಬೆಂಡು ಬತ್ತಾಸಿನ ರಾಶಿ ಎತ್ತರವಾಯಿತು.

ಮಗ್ಗದವನಿಗೆ, ಬೀಡಿಯವಳಿಗೆ ಕೂಲಿ ಬಂದದ್ದು ವಾರಕ್ಕೊಮ್ಮೆ. ಬಟವಡೆಯೂ ವಾರದ ಬಾಜಾರವೂ ಜೋಡಿಯಾಗಿ ನಡೆದವು. ಕೈಗೆ ಬಂದ ಕಾಸಿನಲ್ಲಿ ಮೊದಲು ಉದ್ರಿ ತೀರಿಸಬೇಕು, ಆಮೇಲೆ ಜೋಳ, ಬೇಳೆ, ಎಣ್ಣೆ, ಕೊನೆಗೆ ಉಳಿದದ್ದಕ್ಕೆ ಒಂದು ಪ್ಲೇಟು ಭಜಿ ಅಥವಾ ಮಕ್ಕಳಿಗೆ ಒಂದು ಪೊಟ್ಟಣ. ಇದೇ ಬಗೆಯ ವ್ಯವಸ್ಥೆ ಇಂಗ್ಲೆಂಡಿನಲ್ಲೂ ಕಾಣುತ್ತದೆ. 1860ರ ದಶಕದಲ್ಲಿ ಹುಟ್ಟಿದ ಮೀನು ಮತ್ತು ಆಲೂ ಕರಿದು ಮಾರುವ ಅಂಗಡಿಗಳು ಬೇರು ಬಿಟ್ಟದ್ದು ಲ್ಯಾಂಕಷೈರಿನ ಬಟ್ಟೆ ಗಿರಣಿಗಳ ಊರುಗಳಲ್ಲಿ. ಶುಕ್ರವಾರ ಮಾಂಸ ಬಿಡುವ ಕ್ರೈಸ್ತ ವ್ರತದ ರೂಢಿ ಆ ತಿಂಡಿಗೆ ಒಂದು ದಿನವನ್ನೇ ಗೊತ್ತು ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಮೊಟ್ಟೆ, ಮಾಂಸಕ್ಕೆಲ್ಲ ರೇಷನ್ ಹಾಕಿದ ಸರಕಾರ ಈ ಮೀನು ಆಲೂಗೆ ಮಾತ್ರ ಕೈ ಹಚ್ಚಲಿಲ್ಲ. ಕೂಲಿಕಾರರ ಮನಸ್ಸು ಮುರಿಯದಿರಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ನೂಲು, ಕೂಲಿ, ಎಣ್ಣೆ, ವ್ರತ ಈ ನಾಲ್ಕೂ ಸೇರಿದಲ್ಲಿ ಕರಿದ ತಿಂಡಿಗೆ ಒಂದು ವಾರ ಹುಟ್ಟಿಕೊಳ್ಳುತ್ತದೆ ಎನ್ನುವುದಕ್ಕೆ ದೂರದ ಲ್ಯಾಂಕಷೈರೂ ಹತ್ತಿರದ ಇಚಲಕರಂಜಿ ಬೋರಗಾಂವಗಳೂ ಸಾಕ್ಷಿ.

ವ್ರತದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾಲಿಗೆಗೆ ಲಗಾಮು ಹಾಕುವುದರಲ್ಲಿ ಈ ಸೀಮೆಯಷ್ಟು ದೂರ ಹೋದ ಸೀಮೆಗಳು ಕಡಿಮೆ. ಬೋರಗಾಂವದ ಪಕ್ಕದ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಹುಟ್ಟಿದವರು ಆಚಾರ್ಯ ಶಾಂತಿಸಾಗರರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತುಂಬಿದ ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಶೇಡಬಾಳದಲ್ಲಿ 1925ರಲ್ಲಿ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದರು. ವಿದ್ಯಾಸಾಗರರು 2024ರಲ್ಲಿ ತೀರಿಕೊಳ್ಳುವವರೆಗೆ ದಿನಕ್ಕೆ ಒಂದೇ ಸಲ ಅಂಗೈಯಲ್ಲಿ ಆಹಾರ ಪಡೆಯುತ್ತಿದ್ದರು. ಉಪ್ಪು, ಸಕ್ಕರೆಗಳನ್ನೂ ಬಿಟ್ಟಿದ್ದರು. ಇಂಥವರನ್ನು ಹೆತ್ತ ಊರುಗಳ ಶ್ರಾವಕರು ಮುನಿಗಳಾಗಲಿಲ್ಲ ನಿಜ. ಆದರೆ ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು, ಚಾತುರ್ಮಾಸದಲ್ಲಿ ಮತ್ತು ದಶಲಕ್ಷಣ ಪರ್ವದಲ್ಲಿ ಇಂತಿಂಥದ್ದನ್ನು ಬಿಡುವುದು, ಗಡ್ಡೆಗೆಣಸು ವರ್ಜಿಸುವುದು ಅವರಿಗೆ ಪರಿಚಿತ ಶಿಸ್ತು. ಲಿಂಗಾಯತರ ಮನೆಗಳಲ್ಲಿ ಶ್ರಾವಣದ ಸೋಮವಾರ, ಮರಾಠರಲ್ಲಿ ಏಕಾದಶಿ, ಮುಸಲ್ಮಾನರಲ್ಲಿ ರೋಜಾ. ಈಗಿನ ಕೈಗಾಡಿಯ ಮೇಲಿನ ವಡೆಯಲ್ಲಿ ಇರುವುದು ಆಲೂಗಡ್ಡೆ, ಬೆಳ್ಳುಳ್ಳಿ. ಗಾಡಿ ನಿಲ್ಲುವುದು ಹೊತ್ತು ಮುಳುಗುವಾಗ. ಕಟ್ಟುನಿಟ್ಟಿನ ಶ್ರಾವಕನ ಪಟ್ಟಿಯಲ್ಲಿ ಬಿಡಬೇಕಾದದ್ದೆಲ್ಲವೂ ಒಂದೇ ಗಾಡಿಯ ಮೇಲೆ ಸೇರಿಕೊಂಡಿರುವುದು ತಮಾಷೆಯೇ ಸರಿ.

ಬಿಡುವ ದಿನಗಳು ಇದ್ದದ್ದರಿಂದಲೇ ಹಿಡಿಯುವ ದಿನಗಳಿಗೆ ಕಳೆ ಬಂತು. ಜಾತ್ರೆಗಳು ಅಂಥ ದಿನಗಳು. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ರೂಢಿ ಇದೆ. ಯಡೂರಿನ ವೀರಭದ್ರ, ಮಂಗಸೂಳಿಯ ಖಂಡೋಬಾ, ಕೋಕಟನೂರಿನ ಯಲ್ಲಮ್ಮ, ನಿಪ್ಪಾಣಿಯ ದಸ್ತಗೀರ ಉರುಸು, ಒಂದೊಂದಕ್ಕೂ ಅದರದೇ ಹಂಗಾಮು. ದೇವರಿಗೆ ನೈವೇದ್ಯ ಮನೆಯಿಂದ ಹೋಗುತ್ತದೆ, ಬರುವಾಗ ಜಾತ್ರೆಯ ತಿನಿಸು ಮನೆಗೆ ಬರುತ್ತದೆ. ಬೆಂಡು ಬತ್ತಾಸು ಇಲ್ಲದೆ ಬರಿಗೈಯಲ್ಲಿ ಜಾತ್ರೆಯಿಂದ ಮರಳಿದವನನ್ನು ಮಕ್ಕಳು ಬಿಡುತ್ತಿರಲಿಲ್ಲ. ಇಲ್ಲಿ ತಿನ್ನುವುದಕ್ಕೆ ಯಾರೂ ನಾಚುತ್ತಿರಲಿಲ್ಲ, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಇವತ್ತಿನ ಮಧ್ಯಮವರ್ಗದವರು ಒಂದು ಪ್ಲೇಟು ಮಿಸಳ್ ತಿಂದು ಮರುದಿನ ಬೆಳಿಗ್ಗೆ ಪಶ್ಚಾತ್ತಾಪದ ನಡಿಗೆಗೆ ಹೊರಡುತ್ತಾರಲ್ಲ, ಆ ಬಗೆಯ ಮನಸ್ಸಿನ ತೊಡಕು ಜಾತ್ರೆಯ ತಿನಿಸಿಗೆ ಇರಲಿಲ್ಲ. ಕ್ಯಾಲೆಂಡರೇ ಒಪ್ಪಿಗೆ ಕೊಟ್ಟಿತ್ತು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಬಿಡುವು ಬಿಡುವು ಎಂದು ಹೊಗಳುತ್ತೀರಿ, ಅದು ಬಡತನವಲ್ಲವೇ? ಕಾಸಿಲ್ಲದವನು ವಾರಕ್ಕೊಮ್ಮೆ ಭಜಿ ತಿಂದದ್ದನ್ನು ಸಂಯಮ ಎಂದು ಕರೆಯುವುದು ಹಸಿದವನ ಗಾಯಕ್ಕೆ ಉಪ್ಪು ಸವರಿದಂತೆ. 1876ರಿಂದ 78ರವರೆಗಿನ ಬರದಲ್ಲಿ ಬೆಳಗಾವಿ ಜಿಲ್ಲೆ ಕಂಡ ಸಾವುನೋವನ್ನು ನೆನೆದರೆ ಈ ಆಕ್ಷೇಪ ಇನ್ನೂ ಭಾರವಾಗುತ್ತದೆ. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಹಳಬರು ನಮಗಿಂತ ಸಂಯಮಿಗಳಾಗಿದ್ದರು ಎನ್ನಲು ಆಧಾರವಿಲ್ಲ. ಎಣ್ಣೆ ಅಗ್ಗವಾಗಿದ್ದರೆ ಅವರೂ ದಿನಾ ಕರಿಯುತ್ತಿದ್ದರು. ಆದರೆ ಬಡತನದಿಂದ ಎಲ್ಲವೂ ವಿವರವಾಗುವುದಿಲ್ಲ. ತಂಬಾಕು, ಕಬ್ಬು ಬೆಳೆದು ಮಾಳಿಗೆ ಮನೆ ಕಟ್ಟಿಸಿದ ಜೈನ, ಲಿಂಗಾಯತ ಒಕ್ಕಲು ಮನೆಗಳೂ ತಲೆಮಾರುಗಳ ಕಾಲ ಕರಿದದ್ದನ್ನು ಹಬ್ಬಕ್ಕೇ ಇಟ್ಟುಕೊಂಡವು. ಅವರಿಗೆ ಎಣ್ಣೆಗೆ ಕಾಸಿತ್ತು. ಕೊರತೆ ಹುಟ್ಟಿಸಿದ ಪದ್ಧತಿಯನ್ನು ವ್ರತವೂ ಹಬ್ಬವೂ ಎತ್ತಿಕೊಂಡು, ಕೊರತೆ ನೀಗಿದ ಮೇಲೂ ಕೆಲಕಾಲ ನಡೆಸಿದವು. ಬಡತನ ಗೆರೆ ಎಳೆಯಿತು, ರೂಢಿ ಅದನ್ನು ಕಾಪಾಡಿತು. ಗೆರೆ ಎಳೆದ ಕೈ ಕ್ರೂರವಾಗಿತ್ತೆಂದು ಗೆರೆಯಿಂದ ಹುಟ್ಟಿದ ರುಚಿಯೂ ಸುಳ್ಳಾಗುವುದಿಲ್ಲ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಹೊರಗಿನ ತಿಂಡಿ ಹೊಟ್ಟೆಗೂ ಸಂಸಾರಕ್ಕೂ ಹಾಳು, ಮನೆಯ ಊಟವೇ ಪವಿತ್ರ. ಈ ಪವಿತ್ರ ಎಂಬ ಮಾತನ್ನು ಈ ಸೀಮೆಯಲ್ಲಿ ಎಚ್ಚರದಿಂದ ಆಡಬೇಕು. ಮನೆಯ ಊಟ ಜಾತಿಯ ಊಟವೂ ಆಗಿತ್ತು. ಯಾರ ಕೈಯ ನೀರು ನಡೆಯುತ್ತದೆ, ಯಾರ ಪಂಕ್ತಿಗೆ ಯಾರು ಬರಬಾರದು ಎಂಬ ಕಟ್ಟಳೆ ಅಡುಗೆಮನೆಯಲ್ಲಿ ಬಿಗಿಯಾಗಿದ್ದಷ್ಟು ಸಂತೆಯ ಹುರಿದ, ಕರಿದ ತಿನಿಸಿನಲ್ಲಿ ಬಿಗಿಯಾಗಿರಲಿಲ್ಲ. ಆದರೂ ಚಹಾದಂಗಡಿಗಳು ದಲಿತರಿಗೆ ಬೇರೆ ಕಪ್ಪು ಇಟ್ಟವು, ಹೊರಗೆ ಕೂಡಿಸಿದವು. ಇದಕ್ಕೆ ಮೊದಲ ಪೆಟ್ಟು ಬಿದ್ದದ್ದೂ ಹತ್ತಿರದಲ್ಲೇ. ಕೊಲ್ಹಾಪುರದಲ್ಲಿ ದಲಿತರಾದ ಗಂಗಾರಾಮ ಕಾಂಬಳೆ ‘ಸತ್ಯಸುಧಾರಕ’ ಎಂಬ ಚಹಾದ ಹೊಟೇಲು ತೆರೆದಾಗ ಛತ್ರಪತಿ ಶಾಹೂ ಮಹಾರಾಜರು ಅಲ್ಲಿಗೆ ಹೋಗಿ ಚಹಾ ಕುಡಿದರು. 1920ರ ಮಾರ್ಚ್ 21 ಮತ್ತು 22ರಂದು ಅದೇ ಸಂಸ್ಥಾನದ ಮಾಣಗಾಂವದಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪರಿಷತ್ತು ನಡೆದು, ಮಹಾರಾಜರು ಅಲ್ಲಿಗೂ ಬಂದರು. ಮಾಣಗಾಂವ ಬೋರಗಾಂವಕ್ಕೆ ದೂರದ ಊರಲ್ಲ. ಸ್ವತಂತ್ರ ಭಾರತದ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಹೊಟೇಲು, ಉಪಾಹಾರಗೃಹಗಳ ಹೆಸರನ್ನೇ ಎತ್ತಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಲ್ಲಿ ಪ್ರವೇಶ ನಿರಾಕರಿಸುವುದನ್ನು ಅಪರಾಧ ಮಾಡಿತು. ಒಂದು ಕಪ್ಪು ಚಹಾ, ಒಂದು ಪ್ಲೇಟು ಭಜಿ ಇಷ್ಟು ದೊಡ್ಡ ಕಾನೂನಿನ ವಿಷಯವಾದದ್ದು ಸುಮ್ಮನೆ ಅಲ್ಲ. ಯಾರ ಪಕ್ಕದಲ್ಲಿ ಯಾರಾದರೂ ಕೂತು ತಿನ್ನಬಹುದಾದ ಜಾಗ ಮನೆಯೊಳಗೆ ಹುಟ್ಟಲಿಲ್ಲ, ಬಾಜಾರದಲ್ಲಿ ಹುಟ್ಟಿತು. ಈಗಿನ ಕೈಗಾಡಿಯ ಮುಂದೆ ನಿಂತವರ ಜಾತಿಯನ್ನು ಕೇಳದಿರುವುದು ಆ ತಿಂಡಿಯ ಆಕರ್ಷಣೆಯ ಒಂದು ಭಾಗವೇ ಆಗಿದ್ದರೆ, ಅದನ್ನು ಹಾಳು ಚಟ ಎಂದು ತಳ್ಳಿಹಾಕಲು ಬರುವುದಿಲ್ಲ.

ಹಾಗಾದರೆ ಬಿಡುವು ಒಡೆದದ್ದು ಹೇಗೆ? ದೋಷವನ್ನು ವಡಾಪಾವಿನ ಮೇಲೆ ಹೊರಿಸುವುದು ಸುಲಭ. 1966ರಲ್ಲಿ ಮುಂಬೈಯ ದಾದರ ನಿಲ್ದಾಣದ ಹೊರಗೆ ಅಶೋಕ ವೈದ್ಯ ಅದನ್ನು ಶುರುಮಾಡಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. 1982ರ ಜನವರಿಯಲ್ಲಿ ಮೊದಲಾದ ಗಿರಣಿ ಮುಷ್ಕರದಿಂದ ಕೆಲಸ ಕಳೆದುಕೊಂಡ ಎಷ್ಟೋ ಜನರಿಗೆ ವಡಾಪಾವ್ ಗಾಡಿಯೇ ಹೊಟ್ಟೆಪಾಡಾಯಿತು. ಮಂಚೂರಿಯೂ 1975ರ ಸುಮಾರಿಗೆ ಮುಂಬೈಯಲ್ಲೇ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಬಾಣಸಿಗರ ಕೈಯಲ್ಲಿ ಹುಟ್ಟಿದ್ದು. ಕೋಳಿಯ ಜಾಗಕ್ಕೆ ಹೂಕೋಸು ಆಮೇಲೆ ಬಂತು. ಆದರೆ ತಿಂಡಿ ಹೊಸದಾದ ಮಾತ್ರಕ್ಕೆ ನಿತ್ಯದ್ದಾಗುವುದಿಲ್ಲ. ನನ್ನ ಮಟ್ಟಿಗೆ ಇದರ ತಿರುವು 1994. ಆ ವರ್ಷ ಕೇಂದ್ರ ಸರಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತ ಮಾಡಿತು. ಗಾಣಿಗನ ಕುಸುಬಿ ಎಣ್ಣೆಯೂ ಶೇಂಗಾ ಎಣ್ಣೆಯೂ ಹಿಂದೆ ಸರಿದು, ಮಲೇಷಿಯಾ, ಇಂಡೋನೇಷಿಯಾದ ಎಣ್ಣೆ ಡಬ್ಬಿಗಟ್ಟಲೆ ಬಂತು. ಎಂಟು ನೂರು ವರ್ಷ ಗೆರೆ ಎಳೆದು ಕೂತಿದ್ದ ಎಣ್ಣೆ ತಾನಾಗಿ ಪಕ್ಕಕ್ಕೆ ಸರಿಯಿತು. ಅದರ ಬೆನ್ನಿಗೆ ಗ್ಯಾಸ್ ಸಿಲಿಂಡರು, ಮೋಟರ್ ಸೈಕಲ್ಲು, ನಿಪ್ಪಾಣಿಯ ಪಕ್ಕದಲ್ಲೇ ಅಗಲವಾದ ಹೆದ್ದಾರಿ. ಸಂತೆಗಾಗಿ ಕಾಯಬೇಕಿಲ್ಲ, ಸಂತೆಯೇ ದಿನಾ ಸಂಜೆ ಬಂದು ನಿಲ್ಲುತ್ತದೆ. ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭಜಿಗೆ ಕೆಲವು ನಿಮಿಷದ ಆಯುಷ್ಯವಿದ್ದರೆ ಇದಕ್ಕೆ ತಿಂಗಳುಗಟ್ಟಲೆ, ಗಾಳಿ ತುಂಬಿದ ಚೀಲದಲ್ಲಿ ಗರಿಮುರಿಯನ್ನು ಕಾಪಿಟ್ಟು ಕಿರಾಣಿ ಅಂಗಡಿಯ ಬಾಗಿಲಿಗೆ ತೂಗುಹಾಕಲಾಯಿತು. ಹೋಗಬೇಕಾದ ಜಾಗವೂ ಇಲ್ಲ, ಕಾಯಬೇಕಾದ ದಿನವೂ ಇಲ್ಲ.

ಆರೋಗ್ಯದ ಆಕ್ಷೇಪಕ್ಕೆ ಉತ್ತರ ಕೊಡುವುದು ಇಲ್ಲಿಂದ ಸುಲಭವಾಗುತ್ತದೆ. ಹಳೆಯ ಸಂತೆಯ ತಿಂಡಿ ಶುದ್ಧವಾಗಿತ್ತು ಎಂದು ವಾದಿಸುವುದು ಹುಚ್ಚುತನ. ನೊಣ, ಧೂಳು, ಶಾಯಿ ಹತ್ತಿದ ಪೇಪರು ಆಗಲೂ ಇದ್ದವು, ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಇತ್ತು. ಈಗ ಕಾನೂನಿನ ಕಣ್ಣು ಹೆಚ್ಚು ಚುರುಕಾಗಿದೆ. ಕೆಡುವ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದರೆ ಆ ಎಣ್ಣೆಯನ್ನು ಬಳಸಕೂಡದು ಎಂಬ ನಿಯಮ 2018ರ ಜುಲೈನಿಂದ ಇದೆ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದು ಎಂಬುದು 2022ರಿಂದ. ಕರ್ನಾಟಕ ಸರಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆಗೆ ಒಯ್ದ 171 ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಈ ನಿಯಮಗಳು ಬೇಕು, ಇನ್ನೂ ಕಟ್ಟುನಿಟ್ಟಾಗಿ ನಡೆಯಬೇಕು. ಆದರೆ ಇವೆಲ್ಲ ಕಡಾಯಿಯಲ್ಲಿ ಏನಿದೆ ಎಂದು ನೋಡುತ್ತವೆ. ಎಷ್ಟು ದಿನಕ್ಕೊಮ್ಮೆ ಎಂದು ಯಾವ ಕಾಯ್ದೆಯೂ ಕೇಳಲಾರದು, ಕೇಳಬಾರದು ಕೂಡ. ಹಿಂದೆ ಅದನ್ನು ಎಣ್ಣೆಯ ಬೆಲೆ, ಬಟವಡೆ, ಪಂಚಾಂಗ ಮೂರೂ ಸೇರಿ ಕೇಳುತ್ತಿದ್ದವು. ಇಂದಿನ ಕರಿದ ತಿಂಡಿಯಲ್ಲಿ ರುಚಿ ಕಡಿಮೆಯಾಯಿತೆಂದು ಗೊಣಗುವವರು ಬಹುಶಃ ಅಡುಗೆಯವನನ್ನು ಸುಮ್ಮನೆ ದೂರುತ್ತಿದ್ದಾರೆ. ಅವನ ಕೈ ಹಾಗೇ ಇದೆ, ತಿನ್ನುವವನ ಹಸಿವಿಗೆ ವಾರ ತುಂಬಿಲ್ಲ. ಆದ್ದರಿಂದ ಕೈಗಾಡಿಗಳನ್ನು ಎಬ್ಬಿಸಿ ಎಂಬ ಕೂಗಿಗೆ ನನ್ನ ದನಿ ಇಲ್ಲ. ದಿನಾ ತಿನ್ನುವುದು ಸ್ವಾತಂತ್ರ್ಯ ಎಂಬ ಜಾಹೀರಾತಿನ ಮಾತನ್ನೂ ನಂಬುವುದಿಲ್ಲ.

ಈ ಕತೆಯನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾದರೆ ಗ್ಯಾಝೆಟಿಯರು, ಕಾಯ್ದೆ ಪುಸ್ತಕಗಳು ಸಾಲವು. ಯಾವ ವಾರ ಎಷ್ಟು ಹಿಟ್ಟು ಹೋಯಿತು, ಎಣ್ಣೆ ಎಂದು ತುಟ್ಟಿಯಾಯಿತು, ಬಟವಡೆ ತಡವಾದ ವಾರ ಉದ್ರಿ ಎಷ್ಟು ಬೆಳೆಯಿತು ಎಂಬುದೆಲ್ಲ ಇರುವುದು ಹಳೆಯ ಹೊಟೇಲುಗಳ, ಮಿಠಾಯಿ ಅಂಗಡಿಗಳ, ಬೀಡಿ ಮತ್ತು ಮಗ್ಗದ ಮಾಲೀಕರ ಕೀರ್ದಿ ಖಾತೆಗಳಲ್ಲಿ, ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. ನಿಪ್ಪಾಣಿ, ಬೋರಗಾಂವ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಓದುಗರ ಮನೆಯ ಅಟ್ಟದಲ್ಲಿ ಅಂಥ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಮಾತು ಹೇಳಿ, ಪುಟಗಳ ಚಿತ್ರವನ್ನಾದರೂ ತೆಗೆಸಿ ಇಡಿ.